ನಿಂತ ಯಂತ್ರದ ಖರ್ಚು

ಇವತ್ತಿನ ಮಾತು ಒಂದು ಸಣ್ಣ ವಿಮಾನದಿಂದ ಹೊರಟು ಕುಂದಗೋಳ ತಾಲೂಕಿನ ಕುಬಿಹಾಳದ ಎರೆ ಹೊಲದಲ್ಲಿ ಇಳಿಯುತ್ತದೆ. ಎರಡಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಸಂಬಂಧ ಇರುವುದು ಲೆಕ್ಕದಲ್ಲಿ. ಒಬ್ಬನ ಕೈಗೆ ಮೀರಿದ ಬೆಲೆಯ ಯಂತ್ರ, ವರ್ಷದಲ್ಲಿ ಬಹುಪಾಲು ದಿನ ಕೆಲಸವಿಲ್ಲದೆ ನಿಂತಿರುವ ಯಂತ್ರ, ಆದರೆ ಬೇಕಾದ ದಿನ ಇಲ್ಲದಿದ್ದರೆ ಕೆಲಸ ಕೆಡುವ ಯಂತ್ರ: ಇಂಥದ್ದನ್ನು ನಾಲ್ಕಾರು ಮಂದಿ ಕೂಡಿ ಇಟ್ಟುಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ವಿಮಾನದವರು ನೂರು ವರ್ಷದಿಂದ ಕೇಳಿಕೊಳ್ಳುತ್ತ ಬಂದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಔಷಧಿ ಹೊಡೆಯುವ ಡ್ರೋನ್ ಬಂದ ಮೇಲೆ ಅದೇ ಪ್ರಶ್ನೆ, ಅಕ್ಷರಶಃ ರೆಕ್ಕೆ ಕಟ್ಟಿಕೊಂಡು, ನಮ್ಮ ಹೊಲದ ಬದುವಿಗೇ ಬಂದು ನಿಂತಿದೆ.

ವಿಮಾನ ಎಂದರೆ ಶ್ರೀಮಂತರ ಆಟ ಎಂಬ ಮಾತಿದೆ. ಪೂರ್ತಿ ಸುಳ್ಳಲ್ಲ. ಆದರೆ ಆ ಶ್ರೀಮಂತರೂ ಮೊದಲಿನಿಂದ ಹಂಚಿಕೊಂಡೇ ಹಾರಿದವರು. ಭಾರತದಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ಹುಟ್ಟಿದ್ದು 1928ರ ಸುಮಾರಿಗೆ. ಜೆ.ಆರ್.ಡಿ. ಟಾಟಾ ಅವರು 1929ರ ಫೆಬ್ರವರಿ 10ರಂದು ಪೈಲಟ್ ಪರವಾನಗಿ ಪಡೆದದ್ದು ಬಾಂಬೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹಾರಾಟ ಕಲಿತು. ಟಾಟಾ ಮನೆತನದ ಹುಡುಗನೇ ಹತ್ತು ಜನ ಹಂಚಿಕೊಂಡ ವಿಮಾನದಲ್ಲಿ ಕಲಿತನೆಂದರೆ ಉಳಿದವರ ಮಾತು ಬೇರೆ ಹೇಳಬೇಕಾಗಿಲ್ಲ. ನಾಲ್ಕು ಸೀಟಿನ ಸೆಸ್ನಾ 172 ಎಂಬ ವಿಮಾನವನ್ನು 1956ರಿಂದ ಇಲ್ಲಿಯವರೆಗೆ 44,000ಕ್ಕೂ ಹೆಚ್ಚು ತಯಾರಿಸಲಾಗಿದೆ. ಅಷ್ಟೊಂದು ವಿಮಾನಗಳ ಹಿಂದೆ ಅಷ್ಟೇ ಸಂಖ್ಯೆಯ ಕುಬೇರರು ಇರಲಿಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿ ಮೇಷ್ಟ್ರು, ಮೆಕ್ಯಾನಿಕ್ಕು, ಅಂಗಡಿಯವರು ನಾಲ್ಕು, ಐದು, ಹತ್ತು ಜನ ಕೂಡಿ ಒಂದು ವಿಮಾನ ಇಟ್ಟುಕೊಳ್ಳುವುದು ಸಾಮಾನ್ಯ ಸಂಗತಿ. ಇಂಗ್ಲೆಂಡಿನ ಕಾಯ್ದೆಯಂತೂ ಖಾಸಗಿ ವಿಮಾನವೊಂದಕ್ಕೆ 20 ಜನರ ತನಕ ಪಾಲುದಾರರು ಇರಬಹುದು, ಒಬ್ಬೊಬ್ಬರ ಪಾಲು ನೂರಕ್ಕೆ ಐದಕ್ಕಿಂತ ಕಡಿಮೆ ಇರಬಾರದು ಎಂದು ಗೆರೆ ಎಳೆದಿಟ್ಟಿದೆ.

ಈ ಪಾಲುದಾರರು ಖರ್ಚನ್ನು ಹಂಚಿಕೊಳ್ಳುವ ರೀತಿ ಗಮನಿಸಬೇಕಾದದ್ದು. ಅವರು ಖರ್ಚನ್ನು ಮೂರು ಗಂಟಿನಲ್ಲಿ ಕಟ್ಟುತ್ತಾರೆ. ವಿಮಾನ ಹಾರಲಿ ಬಿಡಲಿ, ನಿಲ್ಲಿಸುವ ಷೆಡ್ಡಿನ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆ ತಪ್ಪುವುದಿಲ್ಲ. ಇದು ನಿಂತ ಖರ್ಚು. ಇದನ್ನು ಹಾರಿದವನೂ ಹಾರದವನೂ ತಿಂಗಳು ತಿಂಗಳು ಸಮಸಮ ಕೊಡುತ್ತಾರೆ. ಎರಡನೆಯದು ಓಡುವ ಖರ್ಚು: ಇಂಧನ, ಆಯಿಲ್ಲು. ಯಾರು ಹಾರಿದರೋ ಅವರು ಗಂಟೆ ಲೆಕ್ಕದಲ್ಲಿ ಕೊಡುತ್ತಾರೆ. ಮೂರನೆಯದು ಕಣ್ಣಿಗೆ ಕಾಣದ ಖರ್ಚು. ಇಂಥ ವಿಮಾನಗಳಲ್ಲಿ ಬಳಕೆಯಾಗುವ ಲೈಕಾಮಿಂಗ್ ಎಂಜಿನ್ನನ್ನು ಸುಮಾರು 2,000 ಗಂಟೆ ಓಡಿದ ಮೇಲೆ ಪೂರ್ತಿ ಬಿಚ್ಚಿ ಕಟ್ಟಬೇಕು ಎಂದು ತಯಾರಕರೇ ಹೇಳಿದ್ದಾರೆ. ಆ ಬಿಚ್ಚಿ ಕಟ್ಟುವ ಕೆಲಸಕ್ಕೆ 30 ಲಕ್ಷ ರೂಪಾಯಿ ಬೀಳುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಆಗ ಪ್ರತಿ ಗಂಟೆ ಹಾರಿದಾಗಲೂ 1,500 ರೂಪಾಯಿ ಎಂಜಿನ್ನು ಸವೆದು ಗಾಳಿಗೆ ಹೋಯಿತು. ಜಾಣ ಪಾಲುದಾರರು ಇಂಧನದ ದುಡ್ಡಿನ ಜೊತೆಗೆ ಆ 1,500ನ್ನೂ ಎಣಿಸಿ ಬೇರೆ ಖಾತೆಗೆ ಹಾಕಿಬಿಡುತ್ತಾರೆ. ಹಾಗೆ ಮಾಡದವರಿಗೆ ಒಂದು ದಿನ ಮೂವತ್ತು ಲಕ್ಷದ ಚೀಟಿ ಒಮ್ಮೆಲೆ ಬರುತ್ತದೆ. ಅಷ್ಟರಲ್ಲಿ ಹೆಚ್ಚು ಹಾರಿದವನು ಪಾಲು ಮಾರಿ ಹೋಗಿರುತ್ತಾನೆ, ಮೊನ್ನೆ ಸೇರಿದವನ ತಲೆಯ ಮೇಲೆ ಕೂಡುತ್ತದೆ.

ನಿಂತ ಖರ್ಚಿನ ಗುಣವೇ ಬೇರೆ. ವರ್ಷಕ್ಕೆ ಆರು ಲಕ್ಷ ನಿಂತ ಖರ್ಚು ಎಂದು ಇಟ್ಟುಕೊಳ್ಳಿ. ಒಬ್ಬನೇ ಮಾಲೀಕ 50 ಗಂಟೆ ಹಾರಿದರೆ ಗಂಟೆಗೆ 12,000. ಐವರು ಕೂಡಿ 250 ಗಂಟೆ ಹಾರಿದರೆ ಗಂಟೆಗೆ 2,400. ಇಂಧನದ ಖರ್ಚು ಎರಡೂ ಕಡೆ ಅಷ್ಟೇ, ಎಂಜಿನ್ನಿನ ಸವಕಳಿಯೂ ಅಷ್ಟೇ. ಕೂಡಿಕೊಂಡಾಗ ಇಳಿಯುವುದು ನಿಂತ ಖರ್ಚೊಂದೇ. ಕೂಡಿ ಕೊಂಡರೆ ಎಲ್ಲವೂ ಅಗ್ಗವಾಗುತ್ತದೆ ಎಂದು ತಿಳಿದವರು ಅಲ್ಲಿಯೇ ಎಡವುತ್ತಾರೆ. ನನ್ನ ವಾದವೂ ಇಷ್ಟೇ: ಹಳ್ಳಿಯಲ್ಲಿ ಯಂತ್ರವನ್ನು ಕೂಡಿ ಕೊಳ್ಳುವವರು ಬೆಲೆಯನ್ನು ಹಂಚಿಕೊಳ್ಳುತ್ತಾರೆ, ಡೀಸೆಲ್ಲನ್ನು ಹಂಚಿಕೊಳ್ಳುತ್ತಾರೆ, ಉಳಿದ ಎರಡು ಗಂಟುಗಳನ್ನು, ಅಂದರೆ ನಿಂತ ಖರ್ಚು ಮತ್ತು ಸವಕಳಿಯನ್ನು, ಯಾರ ಹೆಸರಿಗೂ ಬರೆಯದೆ ಬಿಡುತ್ತಾರೆ. ಪಾಲುದಾರಿಕೆ ಮುರಿಯುವುದು ಮನಸ್ಸು ಕೆಟ್ಟದ್ದರಿಂದ ಎಂದು ನಾವು ಹೇಳುತ್ತೇವೆ. ಬಹಳ ಸಲ ಮೊದಲು ಕೆಟ್ಟಿರುವುದು ಲೆಕ್ಕ, ಮನಸ್ಸು ಆಮೇಲೆ.

ಈ ಮಾತು ನಮ್ಮ ಕಡೆಗೆ ಹೊಸದು ಎಂದು ತಿಳಿಯಬೇಕಾಗಿಲ್ಲ. ಧಾರವಾಡ ಸೀಮೆಯ ಊರುಗಳಲ್ಲಿ ಆಯದ ಪದ್ಧತಿ ಇತ್ತು. ಬಡಿಗ, ಕಮ್ಮಾರ ಮೊದಲಾದ ಆಯಗಾರರಿಗೆ ರಾಶಿ ಆದಾಗ ಕಣದಲ್ಲಿಯೇ ಕಾಳು ಅಳೆದು ಕೊಡುತ್ತಿದ್ದರು. ಆ ವರ್ಷ ರಂಟೆ ಎರಡು ಸಲ ಮುರಿಯಿತೋ ಹತ್ತು ಸಲ ಮುರಿಯಿತೋ ಎಂಬುದರ ಮೇಲೆ ಆಯ ನಿಲ್ಲುತ್ತಿರಲಿಲ್ಲ. ಕುಂಟೆ, ಕೂರಿಗೆಗಳು ಬಿತ್ತಿಗೆಯ ದಿನ ಸಜ್ಜಾಗಿರಬೇಕು, ಅದಕ್ಕೆ ಊರಲ್ಲಿ ಒಬ್ಬ ಬಡಿಗ ವರ್ಷಪೂರ್ತಿ ಇರಬೇಕು, ಅವನು ಇರುವುದಕ್ಕೇ ಕೊಡುವ ಪಾಲು ಅದು. ಹೊಸ ಬಂಡಿ ಮಾಡಿಸಿದರೆ ಕೂಲಿ ಬೇರೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆಯ ಎಂದರೆ ನಿಂತ ಖರ್ಚು, ಕೂಲಿ ಎಂದರೆ ಓಡುವ ಖರ್ಚು. ಆಯದ ವ್ಯವಸ್ಥೆ ಜಾತಿಯ ಕಟ್ಟಿನಲ್ಲಿತ್ತು, ಕೆಲವರ ಪಾಲಿಗೆ ಅದು ಬಿಡಿಸಿಕೊಳ್ಳಲಾಗದ ಜೀತವೂ ಆಗಿತ್ತು. ಅದು ಹೋದದ್ದು ಒಳ್ಳೆಯದೇ ಆಯಿತು. ನಾನು ಅದರಿಂದ ಎತ್ತಿಕೊಳ್ಳುತ್ತಿರುವುದು ಲೆಕ್ಕವನ್ನು ಮಾತ್ರ: ಬಳಸಿದ್ದಕ್ಕೆ ಒಂದು ದರ, ಸಜ್ಜಾಗಿ ಇಟ್ಟದ್ದಕ್ಕೆ ಇನ್ನೊಂದು ದರ, ಎರಡನೆಯದನ್ನು ರೈತನ ಕೈಯಲ್ಲಿ ಕಾಳು ಇರುವ ದಿನವೇ ಕೇಳುವುದು.

ಈಗ ಡ್ರೋನಿಗೆ ಬರೋಣ. 2023ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ ಪ್ರಸ್ತಾಪಿಸಿ, ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಳ್ಳಲಾಯಿತು. 2023-24ರಿಂದ 2025-26ರ ತನಕದ ಈ ಯೋಜನೆಗೆ ತೆಗೆದಿಟ್ಟ ಹಣ 1,261 ಕೋಟಿ ರೂಪಾಯಿ. ಬೆಲೆಯ ನೂರಕ್ಕೆ 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ, ಸಹಾಯಧನ. ಉಳಿದದ್ದಕ್ಕೆ ಬಡ್ಡಿ ರಿಯಾಯಿತಿಯ ಸಾಲ. ಡ್ರೋನಿನ ಜೊತೆಗೆ ನಾಲ್ಕು ಹೆಚ್ಚುವರಿ ಬ್ಯಾಟರಿ ಸೆಟ್ಟು, ಒಂದು ವರ್ಷದ ವಿಮೆ, ಎರಡು ವರ್ಷದ ನಿರ್ವಹಣೆ. ಸಂಘದ ಒಬ್ಬ ಸದಸ್ಯೆಗೆ 15 ದಿನದ ತರಬೇತಿ, ಇನ್ನೊಬ್ಬರಿಗೆ ಸಹಾಯಕಿಯಾಗಿ ತರಬೇತಿ. ದಿನಕ್ಕೆ 20 ಎಕರೆ ಹೊಡೆಯಬಹುದು ಎಂಬ ಅಂದಾಜಿನ ಮೇಲೆ ಈ ಕಟ್ಟು ಕಟ್ಟಲಾಗಿದೆ. ಕಾಗದದ ಮೇಲೆ ಬಹಳ ಚೆನ್ನಾಗಿ ಕಟ್ಟಿದ ಯೋಜನೆ. ಪಾಲುದಾರಿಕೆಯ ಯಂತ್ರವನ್ನು ಹೆಣ್ಣುಮಕ್ಕಳ ಸಂಘದ ಹೆಸರಿಗೆ ಬರೆದದ್ದು ಅದರಲ್ಲಿ ನನಗೆ ಬಹಳ ಸರಿ ಕಂಡ ಸಂಗತಿ, ಯಾಕೆಂದರೆ ವಾರ ವಾರ ಕೂತು ಪುಸ್ತಕ ಬರೆದು ಸಹಿ ಹಾಕುವ ರೂಢಿ ನಮ್ಮ ಹಳ್ಳಿಗಳಲ್ಲಿ ಯಾರಿಗಾದರೂ ಇದ್ದರೆ ಅದು ಅವರಿಗೇ.

ಹತ್ತು ಲಕ್ಷದ ಡ್ರೋನ್ ಐದು ವರ್ಷ ಬಾಳುತ್ತದೆ ಎಂದು ಉದಾಹರಣೆಗೆ ಹಿಡಿಯೋಣ. ವರ್ಷಕ್ಕೆ ಎರಡು ಲಕ್ಷ ಸವಕಳಿ. ವಿಮೆ, ನಿರ್ವಹಣೆ, ಇಡುವ ಜಾಗ ಎಲ್ಲ ಸೇರಿ ವರ್ಷಕ್ಕೆ 60,000 ಎನ್ನೋಣ. ಕೂಡಿದರೆ 2,60,000. ವರ್ಷಕ್ಕೆ 500 ಎಕರೆ ಹೊಡೆದರೆ, ಪೈಲಟ್ಟಿನ ಕೂಲಿ, ಸಾಗಾಣಿಕೆ, ಚಾರ್ಜಿನ ಖರ್ಚು ಬಿಟ್ಟು, ಎಕರೆಗೆ 520 ರೂಪಾಯಿ. ಆದರೆ ಸಂಘದವರ ಕಣ್ಣಿಗೆ ಬೀಳುವ ಲೆಕ್ಕ ಇದಲ್ಲ. ಎಂಟು ಲಕ್ಷ ಸರ್ಕಾರದ್ದು, ತಮ್ಮದು ಎರಡೇ ಲಕ್ಷ, ಅದನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 40,000. ಮೊದಲ ವರ್ಷ ವಿಮೆಯೂ ನಿರ್ವಹಣೆಯೂ ಕಟ್ಟಿನಲ್ಲಿಯೇ ಬಂದಿದೆ. ಹಾಗಾಗಿ ಮೊದಲ ವರ್ಷದ ನಿಂತ ಖರ್ಚು ಎಕರೆಗೆ 80 ರೂಪಾಯಿ ಎಂಬಂತೆ ತೋರುತ್ತದೆ. 80ಕ್ಕೂ 520ಕ್ಕೂ ಇರುವ ಅಂತರವನ್ನು ಕೇಳುಗರು ಒಂದು ಕ್ಷಣ ಮನಸ್ಸಿನಲ್ಲಿ ತೂಗಿ ನೋಡಬೇಕು. 80ನ್ನು ನಂಬಿ ಬಾಡಿಗೆ ಗೊತ್ತುಮಾಡಿದ ಸಂಘ ಮೊದಲ ವರ್ಷ ಲಾಭದಲ್ಲಿ ಇರುತ್ತದೆ, ಆ ಲಾಭವನ್ನು ಹಂಚಿಕೊಂಡೂ ಬಿಡುತ್ತದೆ. ಹಂಚಿಕೊಂಡದ್ದು ಲಾಭವಲ್ಲ, ಡ್ರೋನಿನ ಒಂದು ರೆಕ್ಕೆ.

ಬ್ಯಾಟರಿಯ ಲೆಕ್ಕ ಇದಕ್ಕಿಂತ ಮೊದಲು ಬಾಗಿಲು ಬಡಿಯುತ್ತದೆ. ವಿಮಾನಕ್ಕೆ ಎಂಜಿನ್ ಹೇಗೋ ಡ್ರೋನಿಗೆ ಬ್ಯಾಟರಿ ಹಾಗೆ. ಒಂದು ಚಾರ್ಜಿನಲ್ಲಿ ಅದು ಹತ್ತು ಹದಿನೈದು ನಿಮಿಷ ಹಾರುತ್ತದೆ, ಕೆಲವು ನೂರು ಸಲ ಚಾರ್ಜ್ ಆದ ಮೇಲೆ ದಣಿಯುತ್ತದೆ. ಒಂದು ಚಾರ್ಜಿಗೆ ಒಂದು ಎಕರೆ, ಒಂದು ಸೆಟ್ಟಿಗೆ 400 ಚಾರ್ಜು ಎಂದು ಇಟ್ಟುಕೊಂಡರೆ ಮೂಲ ಸೆಟ್ಟೂ ಹೆಚ್ಚುವರಿ ನಾಲ್ಕೂ ಸೇರಿ ಐದು ಸೆಟ್ಟಿನ ಆಯುಷ್ಯ 2,000 ಎಕರೆ. ದಿನಕ್ಕೆ 20 ಎಕರೆಯಂತೆ ವರ್ಷಕ್ಕೆ 50 ದಿನ ಚೆನ್ನಾಗಿ ದುಡಿದ ಸಂಘಕ್ಕೆ ಅದು ಎರಡೇ ವರ್ಷ. ಅಂದರೆ ನಿರ್ವಹಣೆಯ ಕರಾರು ಮುಗಿಯುವುದೂ ಬ್ಯಾಟರಿಗಳು ಕೈಕೊಡುವುದೂ ಹೆಚ್ಚುಕಡಿಮೆ ಒಂದೇ ಸುಗ್ಗಿಯಲ್ಲಿ. ಕಡಿಮೆ ದುಡಿದ ಸಂಘ ಬ್ಯಾಟರಿಯನ್ನು ಉಳಿಸಿಕೊಳ್ಳುತ್ತದೆ, ಆದರೆ ನಿಂತ ಖರ್ಚಿನಲ್ಲಿ ಮುಳುಗುತ್ತದೆ. ಹೆಚ್ಚು ದುಡಿದ ಸಂಘ ನಿಂತ ಖರ್ಚನ್ನು ಇಳಿಸುತ್ತದೆ, ಬ್ಯಾಟರಿಯನ್ನು ಕರಗಿಸುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಮೂರನೆಯ ವರ್ಷದ ಮುಂಗಾರಿಗೆ ಮುಂಚೆ ಖಾತೆಯಲ್ಲಿ ದುಡ್ಡು ಇರಬೇಕಾಗುತ್ತದೆ. ಸಹಾಯಧನದ ಯಂತ್ರಗಳು ಗ್ರಾಮ ಪಂಚಾಯ್ತಿಯ ಹಿಂದಿನ ಕೋಣೆಯಲ್ಲಿ ಧೂಳು ತಿನ್ನುವ ದೃಶ್ಯ ಯಾವ ತಾಲೂಕಿಗೂ ಹೊಸದಲ್ಲ. ಅವು ಕೆಟ್ಟದ್ದಕ್ಕೆ ನಿಂತಿರುವುದಿಲ್ಲ, ಕೆಟ್ಟ ದಿನ ಕೈಯಲ್ಲಿ ಹಣ ಇಲ್ಲದ್ದಕ್ಕೆ ನಿಂತಿರುತ್ತವೆ.

ಎಂಟು ಲಕ್ಷ ಸರ್ಕಾರ ಕೊಟ್ಟದ್ದು, ಅದನ್ನು ನಾವು ಯಾಕೆ ಲೆಕ್ಕಕ್ಕೆ ಹಿಡಿಯಬೇಕು ಎಂದು ಇಲ್ಲೊಂದು ಆಕ್ಷೇಪ ಬರುತ್ತದೆ. ಬಂದದ್ದನ್ನು ಬಂದಷ್ಟು ದಿನ ಬಳಸಿ ಬಿಟ್ಟರಾಯಿತು. ಒಂದು ಡ್ರೋನಿನ ಬಾಳು ಮುಗಿದ ಮೇಲೆ ಆ ಕಸುಬನ್ನೇ ಬಿಡುವುದಾದರೆ ಈ ವಾದ ಸರಿಯೇ ಇದೆ. ಆದರೆ ಅಷ್ಟರಲ್ಲಿ ಊರಿನ ರೈತರು ಕೈಪಂಪು ಮೂಲೆಗೆ ಹಾಕಿರುತ್ತಾರೆ, ಔಷಧಿ ಹೊಡೆಯುವ ಆಳು ಬೇರೆ ಕೆಲಸ ಹಿಡಿದಿರುತ್ತಾನೆ, ಯೋಜನೆಯ ಅವಧಿ ಮುಗಿದಿರುತ್ತದೆ. ಎರಡನೆಯ ಡ್ರೋನ್ ಪೂರ್ತಿ ಬೆಲೆಗೆ ಕೊಳ್ಳಬೇಕಾದ ದಿನ ಬಂದರೆ ಎಂದು ಎಣಿಸಿ ಬಾಡಿಗೆ ಇಡುವುದು ಹೆಚ್ಚು ಸುರಕ್ಷಿತ. ಆ ದಿನ ಬರದಿದ್ದರೆ ಕೂಡಿದ ಹಣ ಸಂಘದಲ್ಲಿಯೇ ಇರುತ್ತದೆ, ಎಲ್ಲಿಗೂ ಓಡುವುದಿಲ್ಲ.

ಅಷ್ಟು ಎಕರೆ ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ನಮ್ಮ ಅಳತೆಯಲ್ಲಿ ಸುಮಾರು 3 ಎಕರೆ 14 ಗುಂಟೆ. ಅಂಥ ನೂರು ಹಿಡುವಳಿಗಳಿಗೆ ಮೂರು ಸಲ ಹೊಡೆದರೆ ಸಾವಿರ ಎಕರೆ ಆಯಿತು. ಕುಬಿಹಾಳದ ಸುತ್ತಿನ ಎರೆ ಭೂಮಿಯಲ್ಲಿ ಇದು ಅಸಾಧ್ಯದ ಸಂಖ್ಯೆಯಲ್ಲ. ಕುಂದಗೋಳ ತಾಲೂಕು ಬ್ಯಾಡಗಿ ಮೆಣಸಿನಕಾಯಿಯ ಸೀಮೆ, ಮೆಣಸಿನ ಗಿಡ ಬೇಡುವಷ್ಟು ಔಷಧಿಯನ್ನು ಬೇರೆ ಬೆಳೆ ಬೇಡುವುದು ಕಡಿಮೆ. ಜೂನಿನಲ್ಲಿ ಬಿತ್ತಿದ ಹೆಸರಿಗೆ ಜುಲೈಯಲ್ಲಿ ಕೆಲಸ, ಆಮೇಲೆ ಹತ್ತಿ, ಜೊತೆಗೇ ಮೆಣಸಿನಕಾಯಿ, ಹಿಂಗಾರಿಗೆ ಬಂದರೆ ನವೆಂಬರ್, ಡಿಸೆಂಬರಿನಲ್ಲಿ ಕಡಲೆಯ ಕಾಯಿಕೊರಕ. ಒಂದು ಬೆಳೆ ಬಿಟ್ಟರೆ ಇನ್ನೊಂದು ಬೆಳೆ ಕರೆಯುತ್ತದೆ. ಒಂದೇ ಬೆಳೆಯ ಊರಿಗಿಂತ ನಾಲ್ಕು ಬೆಳೆಯ ಊರಿನಲ್ಲಿ ಯಂತ್ರ ನಿಲ್ಲುವ ದಿನ ಕಡಿಮೆ.

ಪಾಲಿನ ಯಂತ್ರದ ವಿರುದ್ಧ ರೈತರು ಹೇಳುವ ಎಲ್ಲಕ್ಕಿಂತ ಗಟ್ಟಿ ಮಾತು ಈ ದಿನಗಳ ಲೆಕ್ಕದಲ್ಲಿಯೇ ಇದೆ, ಅದನ್ನು ಹಗುರಾಗಿ ತಳ್ಳಿಹಾಕಲಾಗದು. ವಿಮಾನದ ಪಾಲುದಾರರಲ್ಲಿ ಒಬ್ಬನಿಗೆ ಶನಿವಾರ ಬೇಕು, ಇನ್ನೊಬ್ಬನಿಗೆ ಮಂಗಳವಾರ ಬೇಕು. ಪಟ್ಟಿ ಬರೆದು ತೂಗುಹಾಕಿದರೆ ಮುಗಿಯಿತು. ಎರೆ ಹೊಲಕ್ಕೆ ಹದ ಬಂದರೆ ಎಲ್ಲರಿಗೂ ಅದೇ ದಿನ ಬೇಕು. ಮಳೆ ಬಿದ್ದು ಮಣ್ಣು ಕಾಲಿಗೆ ಹತ್ತುವ ದಿನ ಹೊಲಕ್ಕೆ ಇಳಿಯುವಂತಿಲ್ಲ. ನಾಲ್ಕು ದಿನ ಬಿಟ್ಟರೆ ಮೇಲ್ಮಣ್ಣು ಆರಿ ಬೀಜ ಹುಟ್ಟುವುದಿಲ್ಲ. ನಡುವಿನ ಎರಡು ಮೂರು ದಿನದಲ್ಲಿ ಕೂರಿಗೆ ಮೊದಲು ಯಾರ ಹೊಲಕ್ಕೆ ಹೋಗಬೇಕು ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ. ಆದ್ದರಿಂದ ಬಿತ್ತುವ ಸಾಧನವನ್ನು ಒಂದೇ ಊರಿನ ಹತ್ತು ಮಂದಿ ಪಾಲಿನಲ್ಲಿ ಇಟ್ಟುಕೊಳ್ಳುವುದು ಜಗಳವನ್ನು ಕೊಂಡು ತಂದ ಹಾಗೆ ಎಂದು ನಾನು ಒಪ್ಪುತ್ತೇನೆ. ಆಗಸ್ಟಿನ ಮೋಡದ ಕೆಳಗೆ ಹೆಸರು ಬಿಡಿಸಿ ಒಕ್ಕಣೆ ಮಾಡುವ ಯಂತ್ರಕ್ಕೂ ಇದೇ ಮಾತು. ಬೇರೆ ರಾಜ್ಯಗಳಿಂದ ಬರುವ ಕೊಯ್ಲಿನ ಯಂತ್ರಗಳು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಸುಗ್ಗಿಯ ಬೆನ್ನು ಹತ್ತಿ ಹೋಗುವುದು ಸುಮ್ಮನೆ ಅಲ್ಲ. ಬೆಳೆ ಮಾಗುವ ದಿನ ಊರಿಂದ ಊರಿಗೆ ಬೇರೆಯಾಗುವುದರಿಂದಲೇ ಅವು ಬದುಕುತ್ತವೆ. ಅಂಥ ಯಂತ್ರಕ್ಕೆ ಪಾಲುದಾರರು ಬೇಕಾದರೆ ಒಂದೇ ಓಣಿಯವರಾಗಬಾರದು, ಮಳೆ ಹಿಂದೆಮುಂದೆ ಬೀಳುವ ಬೇರೆ ಬೇರೆ ಊರಿನವರಾಗಬೇಕು. ಔಷಧಿ ಹೊಡೆಯುವ ಕೆಲಸಕ್ಕೆ ಮಾತ್ರ ವಾರದ ಸಡಿಲಿಕೆ ಇರುತ್ತದೆ, ಒಂದು ಎಕರೆ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಪಾಲಿಗೆ ಒಗ್ಗುವ ಯಂತ್ರ ಯಾವುದು ಎಂಬುದನ್ನು ಅದರ ಬೆಲೆಗಿಂತ ಹದದ ದಿನಗಳು ಗೊತ್ತುಮಾಡುತ್ತವೆ.

ಟ್ರ್ಯಾಕ್ಟರಿನ ಬಗ್ಗೆ ಕೇಳಿದರೆ ನನ್ನ ಉತ್ತರ ಕೆಲವರಿಗೆ ರುಚಿಸಲಿಕ್ಕಿಲ್ಲ. ಟ್ರ್ಯಾಕ್ಟರು ಲಾಭದಲ್ಲಿ ನಡೆಯಬೇಕಾದರೆ ವರ್ಷಕ್ಕೆ 1,000 ಗಂಟೆ ದುಡಿಯಬೇಕು ಎಂಬುದು ಕೃಷಿ ಯಂತ್ರದವರ ಹಳೆಯ ಮಾನದಂಡ. ಮೂರು ನಾಲ್ಕು ಎಕರೆಯ ಹೊಲ ಅದಕ್ಕೆ ಅಷ್ಟು ಕೆಲಸ ಕೊಡಲಾರದು. ಆದರೂ ಟ್ರ್ಯಾಕ್ಟರನ್ನು ಕೂಡಿ ಕೊಳ್ಳಿ ಎಂದು ನಾನು ಹೇಳುವುದಿಲ್ಲ, ಯಾಕೆಂದರೆ ಊರೂರಿಗೆ ಬಾಡಿಗೆ ಟ್ರ್ಯಾಕ್ಟರುಗಳ ಪೈಪೋಟಿ ಈಗಾಗಲೇ ಇದೆ, ಒಬ್ಬ ಒಲ್ಲೆ ಎಂದರೆ ಇನ್ನೊಬ್ಬ ಬರುತ್ತಾನೆ. ಅಲ್ಲಿ ಪಾಲುದಾರಿಕೆಯ ತಲೆನೋವು ಬೇಡ. ರಾಜ್ಯ ಸರ್ಕಾರ 2014-15ರಲ್ಲಿ ಹೋಬಳಿ ಮಟ್ಟಕ್ಕೆ ತಂದ ಕೃಷಿ ಯಂತ್ರಧಾರೆ ಕೇಂದ್ರಗಳೂ ಬಾಡಿಗೆಯ ದಾರಿಯನ್ನೇ ಹಿಡಿದಿವೆ. ಬಾಡಿಗೆ ಸುಲಭವಾಗಿ ಸಿಗುವಲ್ಲಿ ಬಾಡಿಗೆಯೇ ಸರಿ. ಪಾಲುದಾರಿಕೆಗೆ ಅರ್ಥ ಬರುವುದು ಬಾಡಿಗೆಯ ಪೇಟೆ ಇನ್ನೂ ಹುಟ್ಟದ ಯಂತ್ರಕ್ಕೆ, ಅಥವಾ ಬೇಕಾದ ವಾರದಲ್ಲಿ ಬಾಡಿಗೆಯವನೇ ದೊರೆಯಾಗುವ ಯಂತ್ರಕ್ಕೆ.

ಹೊರಗಿನವರು ಈ ಎರಡೂ ದಾರಿಯಲ್ಲಿ ನಡೆದು ನೋಡಿದ್ದಾರೆ. ಜರ್ಮನಿಯ ಬವೇರಿಯಾದಲ್ಲಿ 1958ರಲ್ಲಿ ಎರಿಕ್ ಗೈಯರ್ಸ್‌ಬರ್ಗರ್ ಎಂಬವರು ಯಂತ್ರ ಬಳಗ ಎಂಬ ಏರ್ಪಾಟು ಶುರುಮಾಡಿದರು. ಅಲ್ಲಿ ಯಂತ್ರ ಒಬ್ಬೊಬ್ಬನ ಸ್ವಂತದ್ದೇ, ಬಳಗದ ಕಚೇರಿ ಮಾತ್ರ ಯಾರ ಯಂತ್ರ ಯಾರ ಹೊಲಕ್ಕೆ ಹೋಗಬೇಕು, ಎಷ್ಟು ದರ ಎಂದು ಜೋಡಿಸುತ್ತದೆ. ಫ್ರಾನ್ಸಿನಲ್ಲಿ 1945ರಿಂದ ಬೆಳೆದ ಕ್ಯೂಮಾ ಎಂಬ ಯಂತ್ರ ಸಹಕಾರ ಸಂಘಗಳು ಇಂದು ಹತ್ತು ಸಾವಿರಕ್ಕೂ ಹೆಚ್ಚು. ಅಲ್ಲಿ ಯಂತ್ರ ಸಂಘದ್ದು. ಸೇರುವ ರೈತ ಇಷ್ಟು ಕೆಲಸವನ್ನು ಈ ಯಂತ್ರದಿಂದ ಮಾಡಿಸಿಕೊಳ್ಳುತ್ತೇನೆ ಎಂದು ಮೊದಲೇ ಬರೆದುಕೊಡುತ್ತಾನೆ, ಅವನ ಷೇರು ಹಣವೂ ಆ ಮಾತಿನ ಅಳತೆಗೆ ತಕ್ಕಂತೆ ಇರುತ್ತದೆ. ನಮಗೆ ಬೇಕಾದದ್ದು ಈ ಎರಡನೆಯ ಮಾತಿನಲ್ಲಿದೆ. ಡ್ರೋನ್ ಸಂಘದವರು ರೈತರನ್ನು ಕೇಳಬೇಕಾದ್ದು ಎಷ್ಟು ಎಕರೆ, ಎಷ್ಟು ಸಲ ಎಂಬ ಬರಹವನ್ನು. ಎಕರೆಗೆ ಇಷ್ಟು ಎಂದು ನಿಂತ ಖರ್ಚಿನ ಪಾಲನ್ನು ರಾಶಿ ಆದ ಮೇಲೆ ಕೊಡಲಿ, ಆಯದ ಹಾಗೆ. ಹೊಡೆಸಿದ ದಿನದ ಕೂಲಿ, ಬ್ಯಾಟರಿ ಪಾಲು ಆ ದಿನವೇ ಕೈಗೆ ಬರಲಿ. ಉದ್ರಿ ನಿಲ್ಲಬೇಕಾದರೆ ನಿಂತ ಖರ್ಚಿನ ಗಂಟಿನಲ್ಲಿ ನಿಲ್ಲಲಿ, ಬ್ಯಾಟರಿಯ ಗಂಟಿನಲ್ಲಿ ಒಂದು ರೂಪಾಯಿಯೂ ನಿಲ್ಲುವುದು ಬೇಡ. ಬರೆದುಕೊಟ್ಟು ಆಮೇಲೆ ಹೊಡೆಸದವನೂ ನಿಂತ ಖರ್ಚಿನ ಪಾಲು ಕೊಡಬೇಕು. ಈ ಒಂದು ನಿಯಮ ಕೇಳಿದಾಕ್ಷಣ ಸಭೆಯಲ್ಲಿ ಗದ್ದಲ ಏಳುವುದು ಖಂಡಿತ. ಮೊದಲ ಸಭೆಯಲ್ಲಿಯೇ ಏಳುವುದು ಒಳ್ಳೆಯದು, ಮೂರನೆಯ ವರ್ಷದಲ್ಲಿ ಎದ್ದ ಗದ್ದಲ ಸಂಘವನ್ನೇ ಎಬ್ಬಿಸುತ್ತದೆ.

ನಾಲ್ಕು ಮಂದಿಯ ಸೊತ್ತು ಯಾರ ಸೊತ್ತೂ ಅಲ್ಲ, ಎಲ್ಲರೂ ಬಳಸುತ್ತಾರೆ, ಯಾರೂ ಒರೆಸಿ ಇಡುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ವಿಮಾನದವರಿಗೂ ಈ ಭಯ ಇತ್ತು. ಅವರು ಅದಕ್ಕೆ ಕಂಡುಕೊಂಡ ಮದ್ದು ಪುಸ್ತಕ. ಪ್ರತಿ ಹಾರಾಟ, ಪ್ರತಿ ಗಂಟೆ, ಪ್ರತಿ ರಿಪೇರಿ ಲಾಗ್ ಪುಸ್ತಕದಲ್ಲಿ ಬರೆಯದೆ ವಿಮಾನ ಮುಂದಕ್ಕೆ ಹೋಗುವಂತಿಲ್ಲ. ಇಳಿದವನು ಕಂಡ ದೋಷ ಬರೆದಿಡದಿದ್ದರೆ ಮುಂದೆ ಹತ್ತುವವನ ಜೀವಕ್ಕೆ ಅಪಾಯ. ಡ್ರೋನಿಗೂ ಹಾರಾಟದ ದಾಖಲೆ ತನ್ನಷ್ಟಕ್ಕೇ ಮೂಡುತ್ತದೆ, ಅದನ್ನು ಓದಿ ಸಭೆಯಲ್ಲಿ ಹೇಳುವವರು ಬೇಕು ಅಷ್ಟೆ. ನಂಬಿಕೆ ಮೊದಲು, ಲೆಕ್ಕ ಆಮೇಲೆ ಎಂದು ನಾವು ತಿಳಿದಿದ್ದೇವೆ. ನಮ್ಮ ನೆರೆಯ ಚರಿತ್ರೆ ಬೇರೆ ಹೇಳುತ್ತದೆ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷವೇ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಆ ಕಾಯ್ದೆಯಂತೆ ಹಳ್ಳಿಯ ಸಂಘಗಳ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಹೊಲಮನೆಗೂ ಬಿಸಿ ತಟ್ಟುತ್ತಿತ್ತು. ಹಾಗಾಗಿ ಪಕ್ಕದ ಮನೆಯವನು ತಂದ ಸಾಲ ಎತ್ತು ಕೊಳ್ಳುವುದಕ್ಕೆ ಹೋಯಿತೋ ಮದುವೆಗೆ ಹೋಯಿತೋ ಎಂದು ಒಬ್ಬರನ್ನೊಬ್ಬರು ಕಣ್ಣಿಟ್ಟು ನೋಡಲೇಬೇಕಾದ ಕಟ್ಟು ಅದು. ಹೊಣೆ ಎಲ್ಲರ ಮೇಲೆ ಬಿದ್ದದ್ದರಿಂದ ಹುಟ್ಟುವ ನಂಬಿಕೆ ಬೇರೆ ಬಗೆಯದು, ಹೆಚ್ಚು ಬಾಳಿಕೆ ಬರುವಂಥದ್ದು. ಪೂರ್ತಿ ಸಹಾಯಧನದ ಯಂತ್ರದಲ್ಲಿ ಆ ಹೊಣೆಯೇ ಇರುವುದಿಲ್ಲ. ಹತ್ತು ಲಕ್ಷದಲ್ಲಿ ಎರಡು ಲಕ್ಷವನ್ನು ಸಂಘದವರೇ ಹೊರಬೇಕು ಎಂಬ ಷರತ್ತನ್ನು ಕೆಲವರು ಬಡವರ ಮೇಲಿನ ಹೊರೆ ಎನ್ನುತ್ತಾರೆ, ನನಗೆ ಅದು ಯೋಜನೆಯ ಬೆನ್ನೆಲುಬಾಗಿ ಕಾಣುತ್ತದೆ.

ಹೊರಗೆ ಹೋಗುವ ದಾರಿಯನ್ನೂ ಮೊದಲೇ ಬರೆದಿಡಬೇಕು. ವಿಮಾನದ ಪಾಲುದಾರರ ಕರಾರಿನಲ್ಲಿ ಪಾಲು ಮಾರುವವನು ಮೊದಲು ಉಳಿದವರನ್ನು ಕೇಳಬೇಕು, ಬೆಲೆ ಹೀಗೆ ಕಟ್ಟಬೇಕು, ಎಂಜಿನ್ ಖಾತೆಯಲ್ಲಿ ಕೂಡಿದ ಹಣ ವಿಮಾನದ ಜೊತೆಗೇ ಇರಬೇಕು ಎಂದು ಇರುತ್ತದೆ. ಬಿಟ್ಟುಹೋಗುವವನು ತಾನು ಸವೆಸಿದ ಗಂಟೆಯ ದುಡ್ಡನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಬಾರದು, ಅಷ್ಟೇ ಅದರ ಅರ್ಥ. ಸ್ವಸಹಾಯ ಸಂಘದಲ್ಲಿ ಉಳಿತಾಯದ ಹಣ ವಾಪಸು ಕೊಡುವ ರೂಢಿ ಇದೆ. ಬ್ಯಾಟರಿ ಖಾತೆಯನ್ನು ಆ ಉಳಿತಾಯದ ಜೊತೆ ಬೆರೆಸಿದರೆ ಇಬ್ಬರು ಸದಸ್ಯೆಯರು ಬಿಟ್ಟ ದಿನ ಡ್ರೋನಿನ ಆಯುಷ್ಯವೂ ಅವರ ಸೆರಗಿನಲ್ಲಿ ಹೋಗುತ್ತದೆ. ಬ್ಯಾಂಕಿನಲ್ಲಿ ಬೇರೆ ಖಾತೆ, ಬೇರೆ ಪುಸ್ತಕ.

ವಿಮಾನದ ಹೋಲಿಕೆ ಒಂದು ಕಡೆ ಮಾತ್ರ ನಮ್ಮ ಕೈ ಬಿಡುತ್ತದೆ. ಅಲ್ಲಿ ಪಾಲುದಾರರು ಸಾಮಾನ್ಯವಾಗಿ ತಾವೇ ಹಾರಿಸುವವರು. ಇಲ್ಲಿ ಸಂಘದಲ್ಲಿ ಹತ್ತು ಹನ್ನೆರಡು ಜನ ಇದ್ದರೂ ಹಾರಿಸಲು ಬರುವುದು ಒಬ್ಬಳಿಗೆ. 2021ರ ಡ್ರೋನ್ ನಿಯಮಗಳಂತೆ ಔಷಧಿ ಹೊಡೆಯುವ ಇಂಥ ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು, ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು, ಅದು ಹತ್ತು ವರ್ಷ ನಡೆಯುತ್ತದೆ. ಆದರೆ ಆ ಪತ್ರ ಇರುವುದು ಆಕೆಯ ಹೆಸರಿನಲ್ಲಿ, ಸಂಘದ ಹೆಸರಿನಲ್ಲಲ್ಲ. ಆಕೆಗೆ ಹೆರಿಗೆಯಾದ ವರ್ಷ, ಆಕೆಯ ಗಂಡನ ಕೆಲಸ ಹುಬ್ಬಳ್ಳಿಗೆ ಬದಲಾದ ವರ್ಷ, ಆಕೆಯನ್ನೇ ಹೆಚ್ಚು ಸಂಬಳಕ್ಕೆ ಯಾವುದಾದರೂ ಕಂಪನಿ ಕರೆದ ವರ್ಷ ಡ್ರೋನ್ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ವಿಮೆಯ ಕಂತು ಮಾತ್ರ ತಪ್ಪದೆ ಬರುತ್ತದೆ. ಆಕೆ ಹೋಗದಂತೆ ಕಟ್ಟಿಹಾಕುವ ಮಾತು ಯಾರೂ ಆಡಬಾರದು, ಆ ಕಲಿಕೆ ಆಕೆಯ ಸ್ವಂತ ಗಳಿಕೆ. ಸಂಘ ಮಾಡಬಹುದಾದ್ದು ಎರಡನೆಯವಳನ್ನೂ ಪೂರ್ತಿ ಪೈಲಟ್ಟಾಗಿ ತಯಾರು ಮಾಡುವುದು. ಸಹಾಯಕಿಯಾಗಿ ಜೊತೆಗೆ ಹೋಗುತ್ತಿರುವ ಹೆಣ್ಣುಮಗಳು ಹತ್ತನೆಯ ತರಗತಿ ಪಾಸಾಗಿದ್ದರೆ ಮೊದಲ ಹೆಸರು ಅವಳದೇ. ಆ ತರಬೇತಿಯ ಶುಲ್ಕ, ಹೋಗಿಬರುವ ಬಸ್ಸಿನ ಚಾರ್ಜು, ಅಷ್ಟು ದಿನದ ಅವಳ ಕೂಲಿ ಮೂರನ್ನೂ ಕೂಡಿಸಿ ಎರಡನೆಯ ವರ್ಷದ ನಿಂತ ಖರ್ಚಿನಲ್ಲಿ, ವಿಮೆಯ ಸಾಲಿನ ಕೆಳಗೆ, ಬರೆದುಕೊಳ್ಳಬೇಕು.